ಸಂಗ್ರಾಣಿ ಕಲ್ಲಿನಿಂದ ಸ್ಟಾಪ್‌ವಾಚಿನವರೆಗೆ

ಉತ್ತರ ಕರ್ನಾಟಕದ ಬಹಳಷ್ಟು ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಮುಂದೋ, ಹಳೆಯ ತಾಲೀಮು ಮನೆಯ ಅಂಗಳದಲ್ಲೋ ಉರುಟಾದ ಕಲ್ಲೊಂದು ಬಿದ್ದಿರುತ್ತದೆ. ಸಂಗ್ರಾಣಿ ಕಲ್ಲು ಎಂದು ಅದಕ್ಕೆ ಹೆಸರು. ಹಬ್ಬದಲ್ಲೋ ಜಾತ್ರೆಯಲ್ಲೋ ಊರ ಹುಡುಗರು ಸರದಿಯಂತೆ ಬಂದು ಅದನ್ನು ಎತ್ತುತ್ತಾರೆ. ಕೆಲವರು ಮೊಣಕಾಲಿನ ತನಕ ತಂದು ಕೈಬಿಡುತ್ತಾರೆ, ಕೆಲವರು ಎದೆಯವರೆಗೆ ತರುತ್ತಾರೆ, ಒಬ್ಬಿಬ್ಬರು ಹೆಗಲ ಮೇಲಿಂದ ಹಿಂದಕ್ಕೆ ಒಗೆದು ಸೈ ಎನಿಸಿಕೊಳ್ಳುತ್ತಾರೆ. ಜೋಳದ ಚೀಲ ಎತ್ತುವ ಪಂಥವೂ ಇದೇ ಬಗೆಯದು. ದೇಹಬಲವನ್ನು ಹತ್ತು ಜನರ ಮುಂದೆ ಒರೆಗೆ ಹಚ್ಚುವ ಪದ್ಧತಿ ನಮ್ಮಲ್ಲಿ ಹೊಸದಲ್ಲ ಎಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ಆದರೆ ಈ ಒರೆಗಲ್ಲಿಗೆ ಒಂದು ಮಿತಿ ಇದೆ. ಒಂದೂರಿನ ಕಲ್ಲು ಮತ್ತೊಂದೂರಿನ ಕಲ್ಲಿನಷ್ಟೇ ಭಾರವಿರುವುದಿಲ್ಲ. ಹನ್ನೆರಡರ ಹುಡುಗನಿಗೂ ಇಪ್ಪತ್ತೆರಡರ ಪೈಲ್ವಾನನಿಗೂ ಅದೇ ಕಲ್ಲು. ಹುಡುಗಿಯರಂತೂ ಅದರ ಹತ್ತಿರ ಸುಳಿಯುವಂತಿರಲಿಲ್ಲ. ಅದು ಊರಿನಲ್ಲಿ ಅತ್ಯಂತ ಬಲಶಾಲಿ ಯಾರೆಂದು ಹೇಳುತ್ತದೆ. ಉಳಿದ ತೊಂಬತ್ತೊಂಬತ್ತು ಜನರ ಮೈಯ ಸ್ಥಿತಿ ಹೇಗಿದೆ ಎಂದು ಹೇಳುವುದಿಲ್ಲ. ಆ ತೊಂಬತ್ತೊಂಬತ್ತು ಜನರನ್ನೂ ಅಳೆಯಬೇಕು, ಎಲ್ಲ ಊರುಗಳಲ್ಲೂ ಒಂದೇ ಕೋಲಿನಿಂದ ಅಳೆಯಬೇಕು ಎಂಬ ವಿಚಾರ ಹುಟ್ಟಿದ್ದು ಆಧುನಿಕ ಕಾಲದಲ್ಲಿ. ಇಂದು ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕಾಲನಿಯಿಂದ ಚಿಂಚೋಳಿಯ ತಾಂಡಾಗಳವರೆಗೆ ಯಾವ ಶಾಲೆಯಲ್ಲಾದರೂ ಒಬ್ಬ ಮಾಸ್ತರ ಸೀಟಿ ಊದಿ, ಮಕ್ಕಳನ್ನು 50 ಮೀಟರ್ ಓಡಿಸಿ, ಸ್ಟಾಪ್‌ವಾಚ್ ನೋಡಿ ಸೆಕೆಂಡುಗಳನ್ನು ಬರೆದುಕೊಳ್ಳುತ್ತಿದ್ದರೆ, ಅದರ ಹಿಂದೆ ನೂರಿಪ್ಪತ್ತು ವರ್ಷಗಳ ಕಥೆಯೊಂದಿದೆ. ಆ ಕಥೆ ಆರಂಭವಾಗುವುದು ಆಟದ ಮೈದಾನದಲ್ಲಲ್ಲ, ಸೈನ್ಯದ ಭರ್ತಿ ಕಚೇರಿಯಲ್ಲಿ.

1899ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಶುರುವಾಯಿತು. ಸೈನ್ಯ ಸೇರಲು ಇಂಗ್ಲೆಂಡಿನ ಕೈಗಾರಿಕಾ ನಗರಗಳಿಂದ ಬಂದ ತರುಣರನ್ನು ವೈದ್ಯರು ಪರೀಕ್ಷಿಸಿದಾಗ ಸರ್ಕಾರಕ್ಕೆ ದಿಗಿಲಾಯಿತು. ಮ್ಯಾಂಚೆಸ್ಟರಿನಂಥ ಊರುಗಳಲ್ಲಿ ಬಂದವರ ಪೈಕಿ ಬಹುಪಾಲು ಜನ ಎತ್ತರ, ತೂಕ, ಎದೆಯ ಸುತ್ತಳತೆ ಯಾವುದರಲ್ಲೂ ಪಾಸಾಗಲಿಲ್ಲ. ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯದ ಗಿರಣಿ ಕಾರ್ಮಿಕರ ಮಕ್ಕಳು ಬಂದೂಕು ಹೊರಲಾರದಷ್ಟು ಸೊರಗಿದ್ದರು. ಈ ಅವನತಿಯ ಕಾರಣ ಹುಡುಕಲು ನೇಮಿಸಿದ ಸಮಿತಿ 1904ರಲ್ಲಿ ವರದಿ ಕೊಟ್ಟಿತು. ಇದು ವಂಶದ ದೋಷವಲ್ಲ. ಕೆಟ್ಟ ಮನೆ, ಕೆಟ್ಟ ಗಾಳಿ, ಅರೆಹೊಟ್ಟೆಯ ಫಲ ಎಂಬುದು ವರದಿಯ ಒಟ್ಟು ಸಾರ. 1906ರಲ್ಲಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಊಟ ಕೊಡಲು ಅವಕಾಶ ಮಾಡುವ ಕಾನೂನು ಬಂತು. ಮರುವರ್ಷ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಯ ಕಾನೂನು ಬಂತು. ಯುದ್ಧಕ್ಕಾಗಿ ಹಿಡಿದ ಅಳತೆಪಟ್ಟಿ ಕೊನೆಗೆ ಊಟದ ತಟ್ಟೆಗೆ ದಾರಿ ಮಾಡಿಕೊಟ್ಟಿತು. ಓದುಗರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಅರ್ಧ ಶತಮಾನದ ನಂತರ ಅಮೆರಿಕದಲ್ಲಿ ಇದೇ ಅಳತೆಪಟ್ಟಿ ಬೇರೆಯೇ ದಾರಿ ಹಿಡಿಯಿತು.

ನಡುವೆ ಸೋವಿಯತ್ ರಷ್ಯ 1931ರಲ್ಲಿ ‘ದುಡಿಮೆಗೂ ರಕ್ಷಣೆಗೂ ಸಿದ್ಧ’ ಎಂಬ ದೇಶವ್ಯಾಪಿ ಪರೀಕ್ಷೆಯನ್ನು ತಂದಿತ್ತು. ಓಟ, ಈಜುಗಳ ಜೊತೆಗೆ ಕೈಬಾಂಬ್ ಎಸೆಯುವುದೂ ಅದರಲ್ಲಿತ್ತು. ಹೆಸರಿನಲ್ಲೇ ಉದ್ದೇಶ ಇದ್ದುದರಿಂದ ಹೆಚ್ಚು ಹೇಳಬೇಕಾಗಿಲ್ಲ.

ಅಮೆರಿಕದ ಕಥೆ ಸ್ವಾರಸ್ಯದ್ದು. ನ್ಯೂಯಾರ್ಕಿನಲ್ಲಿ ಹಾನ್ಸ್ ಕ್ರಾಸ್ ಎಂಬ ವೈದ್ಯರು ಸೋನ್ಯಾ ವೆಬರ್ ಎಂಬ ಸಹೋದ್ಯೋಗಿಯೊಂದಿಗೆ ಬೆನ್ನುನೋವಿನ ರೋಗಿಗಳನ್ನು ನೋಡುತ್ತಿದ್ದರು. ಸೊಂಟ, ಹೊಟ್ಟೆ, ಬೆನ್ನಿನ ಸ್ನಾಯುಗಳು ಕನಿಷ್ಠ ಮಟ್ಟದಲ್ಲಾದರೂ ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಅವರು ಆರು ಸರಳ ಚಲನೆಗಳನ್ನು ಗೊತ್ತುಮಾಡಿದರು: ಮಲಗಿದಲ್ಲಿಂದ ಏಳುವುದು, ಕಾಲು ಎತ್ತಿ ಹಿಡಿಯುವುದು, ಮೊಣಕಾಲು ಮಡಿಸದೆ ಬಾಗಿ ನೆಲ ಮುಟ್ಟುವುದು, ಹೀಗೆ. ಗರಡಿಗೆ ಹೋಗುವ ನಮ್ಮ ಹುಡುಗ ಇದನ್ನು ಕಂಡರೆ ನಕ್ಕಾನು. ಈ ಪರೀಕ್ಷೆಯನ್ನು ಅವರು ಬಾನಿ ಪ್ರೂಡನ್ ಎಂಬ ವ್ಯಾಯಾಮ ಶಿಕ್ಷಕಿಯ ಜೊತೆಗೂಡಿ ಅಮೆರಿಕದ ಹಾಗೂ ಆಸ್ಟ್ರಿಯ, ಇಟಲಿ, ಸ್ವಿಟ್ಜರ್ಲೆಂಡಿನ ಸಾವಿರಾರು ಶಾಲಾ ಮಕ್ಕಳ ಮೇಲೆ ನಡೆಸಿದರು. ಯೂರೋಪಿನ ಮಕ್ಕಳಲ್ಲಿ ಆರರಲ್ಲಿ ಒಂದಾದರೂ ತಪ್ಪಿದವರು ನೂರಕ್ಕೆ ಸುಮಾರು 9. ಅಮೆರಿಕದಲ್ಲಿ ಸುಮಾರು 58! ಮಹಾಯುದ್ಧದಲ್ಲಿ ಜರ್ಝರಿತವಾದ ನಾಡುಗಳ ಮಕ್ಕಳು ಗೆದ್ದರು; ಹಾಲು, ಮಾಂಸ, ಮೋಟಾರು ಕಾರು, ಟೆಲಿವಿಷನ್ ಎಲ್ಲವೂ ಇದ್ದ ನಾಡಿನ ಮಕ್ಕಳು ಸೋತರು.

ಈ ಅಂಕಿಗಳು 1955ರ ಜುಲೈನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರ ಮುಂದೆ ಬಂದವು. ಸ್ವತಃ ಸೇನಾಪತಿಯಾಗಿದ್ದ ಅವರು ಮರುವರ್ಷ ಎಳೆಯರ ದೇಹದಾರ್ಢ್ಯಕ್ಕಾಗಿ ಒಂದು ಮಂಡಳಿಯನ್ನೇ ನೇಮಿಸಿದರು. ಅಲ್ಲಿಯ ದೈಹಿಕ ಶಿಕ್ಷಣ ಸಂಘ ಏಳು ಅಂಶಗಳ ಪರೀಕ್ಷೆಯೊಂದನ್ನು ರೂಪಿಸಿ ಸುಮಾರು 8,500 ಮಕ್ಕಳ ಮೇಲೆ ನಡೆಸಿ, ವಯಸ್ಸಿಗೆ ತಕ್ಕ ಕೋಷ್ಟಕಗಳನ್ನು ಸಿದ್ಧಪಡಿಸಿತು. ನಾವು ಇಂದು ‘ಪ್ರಮಾಣೀಕೃತ ಪರೀಕ್ಷೆ’ ಎನ್ನುವುದರ ಜೀವಾಳ ಈ ಕೋಷ್ಟಕದಲ್ಲಿದೆ. ಒಂದೇ ವಯಸ್ಸಿನ ನೂರು ಹುಡುಗಿಯರನ್ನು ಓಡಿಸಿ, ಅವರ ವೇಳೆಯನ್ನು ನಿಧಾನದಿಂದ ವೇಗದವರೆಗೆ ಸಾಲಾಗಿ ಬರೆದರೆ ಪ್ರತಿಯೊಬ್ಬಳಿಗೂ ಸಾಲಿನಲ್ಲೊಂದು ಜಾಗ ಸಿಗುತ್ತದೆ. ಮುಂದೆ ಎಲ್ಲೋ ದೂರದ ಊರಿನಲ್ಲಿ ಓಡಿದ ಅದೇ ವಯಸ್ಸಿನ ಹುಡುಗಿಯನ್ನು ಈ ಸಾಲಿಗೆ ತಂದು ನಿಲ್ಲಿಸಿ ‘ನೀನು ಎಪ್ಪತ್ತನೆಯವಳು’ ಎನ್ನಬಹುದು. ಆಕೆ ಆ ನೂರು ಜನರನ್ನು ಕಂಡೇ ಇರುವುದಿಲ್ಲ. ದೂರ, ನೆಲ, ಸೀಟಿ, ಎಣಿಕೆಯ ಕ್ರಮ ಎಲ್ಲವೂ ಒಂದೇ ಆಗಿದ್ದರೆ ಮಾತ್ರ ಈ ಹೋಲಿಕೆಗೆ ಅರ್ಥ. ಸಂಗ್ರಾಣಿ ಕಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

1966ರಿಂದ ಅಮೆರಿಕದಲ್ಲಿ ಸಾಲಿನ ತುದಿಯಲ್ಲಿದ್ದ, ನೂರಕ್ಕೆ ಹದಿನೈದರಷ್ಟು ಮಕ್ಕಳಿಗೆ ಅಧ್ಯಕ್ಷರ ಹೆಸರಿನ ಪದಕಪಟ್ಟಿ ಸಿಗತೊಡಗಿತು. ಉಳಿದ ಎಂಬತ್ತೈದು ಮಕ್ಕಳಿಗೆ ಸಿಕ್ಕದ್ದು ಕಂಬಿಗೆ ಜೋತುಬಿದ್ದು ಗೆಳೆಯರೆದುರು ಮೇಲೇರಲಾರದೆ ಇಳಿದ ನೆನಪು. ಎಲ್ಲರನ್ನೂ ಅಳೆಯಲು ಹುಟ್ಟಿದ ಪರೀಕ್ಷೆ ಮತ್ತೆ ಗೆದ್ದವನನ್ನು ಹುಡುಕುವ ಕಲ್ಲೇ ಆಯಿತು ಎನ್ನಬೇಕು. ಹಲವು ವರ್ಷಗಳ ಟೀಕೆಯ ನಂತರ 2012-13ರಲ್ಲಿ ಅದನ್ನು ಕೈಬಿಟ್ಟು, ಆರೋಗ್ಯಕ್ಕೆ ಎಷ್ಟು ಸಾಕು ಎಂಬ ಮಟ್ಟಕ್ಕೆ ಹೋಲಿಸುವ ಕ್ರಮ ತಂದರು. 2025ರ ಜುಲೈ 31ರಂದು ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿ ಹಳೆಯ ಪರೀಕ್ಷೆಯನ್ನು ಮರಳಿ ತಂದರು. ಮೈಯ ಅಳತೆ ರಾಜಕೀಯದಿಂದ ದೂರ ಎಂದು ಯಾರಾದರೂ ಭಾವಿಸಿದ್ದರೆ ಇಷ್ಟು ಸಾಕು.

ನಮ್ಮ ಕಡೆಗೆ ಬರೋಣ. ಸೇಡಂ, ಚಿತ್ತಾಪುರ, ಚಿಂಚೋಳಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ಗುಲ್ಬರ್ಗ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದವು. ಭಾರತದಲ್ಲಿ ವ್ಯಾಯಾಮ ಶಿಕ್ಷಕರನ್ನು ತಯಾರುಮಾಡುವ ಮೊದಲ ಕಾಲೇಜನ್ನು ಎಚ್.ಸಿ. ಬಕ್ ಎಂಬ ಅಮೆರಿಕನ್ನರು ಮದರಾಸಿನಲ್ಲಿ ವೈ.ಎಂ.ಸಿ.ಎ. ಆಶ್ರಯದಲ್ಲಿ 1920ರಲ್ಲಿ ತೆರೆದರು. ಹೈದರಾಬಾದಿನಲ್ಲಿ ಅಂಥ ಸರ್ಕಾರಿ ಕಾಲೇಜು 1931ರಲ್ಲಿ ಬಂತು. ಆ ಕಾಲದ ಶಾಲೆಯಲ್ಲಿ ದೈಹಿಕ ಶಿಕ್ಷಣವೆಂದರೆ ಮುಖ್ಯವಾಗಿ ಕವಾಯತು. ಹಾಗಾಗಿಯೇ ‘ಡ್ರಿಲ್ ಮಾಸ್ತರ’ ಎಂಬ ಹೆಸರು ಗಟ್ಟಿಯಾಗಿ ನಿಂತಿತು. ಕವಾಯತಿನಲ್ಲಿ ಎಲ್ಲರೂ ಒಟ್ಟಿಗೆ ಕೈಯೆತ್ತುತ್ತಾರೆ, ಒಟ್ಟಿಗೆ ಇಳಿಸುತ್ತಾರೆ. ಒಬ್ಬೊಬ್ಬರ ಮೈಯಲ್ಲಿ ಏನಿದೆ ಎಂದು ಅದು ಕೇಳುವುದಿಲ್ಲ. ಹಾಗೆ ಕೇಳುವ ಪ್ರಯತ್ನ ರಾಷ್ಟ್ರಮಟ್ಟದಲ್ಲಿ ನಡೆದದ್ದು 1959-60ರಲ್ಲಿ, ಕೇಂದ್ರ ಶಿಕ್ಷಣ ಸಚಿವಾಲಯವು ರಾಷ್ಟ್ರೀಯ ದೈಹಿಕ ಸಾಮರ್ಥ್ಯ ಆಂದೋಲನ ಆರಂಭಿಸಿದಾಗ. ಓಟ, ಜಿಗಿತ, ಎಸೆತಗಳಿಗೆ ವಯಸ್ಸಿಗೆ ತಕ್ಕಂತೆ ಮಟ್ಟಗಳನ್ನು ಗೊತ್ತುಮಾಡಿ, ಜನ ತಾವಾಗಿ ಬಂದು ತಮ್ಮನ್ನು ಅಳೆದುಕೊಳ್ಳಲಿ ಎಂಬುದು ಆಶಯ.

ಅದೇ 1959ರಲ್ಲಿ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಶಾಲೆಗಳಲ್ಲಿ ಆಗ ಒಂದರ ಮೇಲೊಂದು ಯೋಜನೆಗಳಿದ್ದವು: ದೈಹಿಕ ಶಿಕ್ಷಣ ಒಂದು ಕಡೆ, ಎಳೆಯರ ಕೆಡೆಟ್ ದಳ ಇನ್ನೊಂದು ಕಡೆ, ಆಜಾದ್ ಹಿಂದ್ ಫೌಜಿನ ಜನರಲ್ ಭೋಂಸ್ಲೆ ಅವರು 1954ರಲ್ಲಿ ಆರಂಭಿಸಿದ ರಾಷ್ಟ್ರೀಯ ಶಿಸ್ತು ಯೋಜನೆ ಮತ್ತೊಂದು ಕಡೆ. ಇವನ್ನೆಲ್ಲ ಒಂದಾಗಿಸಬೇಕೆಂದು ಸಮಿತಿ 1963ರಲ್ಲಿ ಹೇಳಿತು. ಆ ಹೊತ್ತಿಗೆ ಚೀನಾ ಯುದ್ಧದ ಗಾಯ ಹಸಿಯಾಗಿತ್ತು. 1965ರಲ್ಲಿ ರಾಷ್ಟ್ರೀಯ ದೇಹದಾರ್ಢ್ಯ ದಳ ಹುಟ್ಟಿತು. ಇಂಗ್ಲೆಂಡಿನಂತೆ ಇಲ್ಲಿಯೂ ಯುದ್ಧದ ನೆರಳಿನಲ್ಲೇ ಮಕ್ಕಳ ಮೈಯ ಮೇಲೆ ಸರ್ಕಾರದ ಕಣ್ಣು ಬಿತ್ತು ಎಂಬುದು ಕಾಕತಾಳೀಯವಲ್ಲ. ಆದರೆ ಇಂಗ್ಲೆಂಡಿನಲ್ಲಿ ಕಣ್ಣಿನ ಹಿಂದೆ ಅನ್ನವೂ ಬಂತು. ಇಲ್ಲಿ ಸೀಟಿ ಬಂತು, ಅನ್ನಕ್ಕೆ ಬಹಳ ಕಾಲ ಕಾಯಬೇಕಾಯಿತು.

ಆಂದೋಲನದ ಉತ್ಸಾಹ ಇಳಿಯಿತು. ಓಟದ ವೇಳೆ ಬರೆದುಕೊಳ್ಳುವ ಪದ್ಧತಿ ದೈಹಿಕ ಶಿಕ್ಷಣ ಕಾಲೇಜುಗಳ ಪಠ್ಯದಲ್ಲಿ, ಸಂಶೋಧನಾ ಪ್ರಬಂಧಗಳಲ್ಲಿ ಉಳಿಯಿತು. ಶಾಲೆಗಳಿಗೆ ಅದು ಮರಳಿದ್ದು 2019ರಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಖೇಲೋ ಇಂಡಿಯಾ ಯೋಜನೆಯ ಮೊಬೈಲ್ ಆ್ಯಪ್ ಬಂತು. ಧ್ಯಾನ್‌ಚಂದ್ ಜನ್ಮದಿನವಾದ ಆಗಸ್ಟ್ 29ರಂದು ಫಿಟ್ ಇಂಡಿಯಾ ಆಂದೋಲನ ಶುರುವಾಯಿತು. ಪರೀಕ್ಷೆಯ ಕ್ರಮ ಹೀಗಿದೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳಿಗೆ ಎತ್ತರ-ತೂಕ, ಒಂಟಿ ಕಾಲಿನ ಮೇಲೆ ಕೊಕ್ಕರೆಯಂತೆ ನಿಲ್ಲುವುದು, ಎರಡು ಬಿಲ್ಲೆಗಳನ್ನು ಒಂದೇ ಕೈಯಲ್ಲಿ ಅತ್ತಿತ್ತ ಬೇಗ ಬೇಗ ತಟ್ಟುವುದು. ನಾಲ್ಕರಿಂದ ಹನ್ನೆರಡರವರೆಗೆ ಎತ್ತರ-ತೂಕ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವುದು, ಮಲಗಿ ಅರ್ಧ ಏಳುವುದು, ಹುಡುಗರಿಗೆ ದಂಡ, ಹುಡುಗಿಯರಿಗೆ ಮೊಣಕಾಲು ಊರಿದ ದಂಡ. 1950ರ ದಶಕದ ಅಮೆರಿಕನ್ ಪರೀಕ್ಷೆಯಲ್ಲಿದ್ದದ್ದು 50 ಗಜ ಮತ್ತು 600 ಗಜ. ಗಜ ಹೋಗಿ ಮೀಟರ್ ಬಂದಾಗ ಅಂಕಿ ಮಾತ್ರ ಹಾಗೇ ಉಳಿದುದರಿಂದ ನಮ್ಮ ಮಕ್ಕಳು ಐವತ್ತು ಮೀಟರಿನಷ್ಟು ಹೆಚ್ಚೇ ಓಡಬೇಕಾಗಿದೆ!

ಈ ಅಳತೆಯನ್ನು ಸೇಡಂ ಸೀಮೆಯ ನೆಲದ ಮೇಲೆ ಇಟ್ಟು ನೋಡಬೇಕು. ಕಾಲು ಚಾಚಿ ಬಾಗುವ ಪರೀಕ್ಷೆಗೆ ಇಲ್ಲಿ ಕೊರತೆ ಇಲ್ಲ. ಶಹಾಬಾದಿ ಫರಸಿ ಹಾಸಿದ ನುಣುಪಾದ ನೆಲ ಸಿಗದ ಶಾಲೆ ಅಪರೂಪ. ಚಕ್ಕಳಬಕ್ಕಳ ಹಾಕಿ ಉಣ್ಣುವ, ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುವ ಮಕ್ಕಳು ಕ್ರಾಸ್-ವೆಬರ್ ಪರೀಕ್ಷೆಯಲ್ಲಿ ಅಮೆರಿಕದ ಮಕ್ಕಳನ್ನು ಸುಲಭವಾಗಿ ಹಿಂದೆ ಹಾಕುತ್ತಿದ್ದರೆಂದು ನನ್ನ ಊಹೆ. 600 ಮೀಟರ್ ಮಾತ್ರ ಬೇರೆ ಮಾತು. ವಾಡಿ, ಆದಿತ್ಯನಗರಗಳಂಥ ಕಾರ್ಖಾನೆ ಕಾಲನಿಗಳಲ್ಲಿ ಸಮತಟ್ಟಾದ ಮೈದಾನ ಸಿಗುತ್ತದೆ. ಹಳ್ಳಿ ಶಾಲೆಯ ಅಂಗಳ ಚಿಕ್ಕದಿದ್ದರೆ ಸುತ್ತು ಹೊಡೆದೇ 600 ಮೀಟರ್ ಮುಗಿಸಬೇಕು. ಸುತ್ತು ಹೆಚ್ಚಾದಷ್ಟೂ ತಿರುವುಗಳಲ್ಲಿ ವೇಳೆ ಸೋರುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಹೆಜ್ಜೆಹೆಜ್ಜೆಗೂ ಕಾಲಿಗೆ ಮೆತ್ತಿ ಒಂದೊಂದು ಸೇರು ಭಾರ ಕಟ್ಟುತ್ತದೆ. ಬೇಸಿಗೆಯಲ್ಲಿ ಉಷ್ಣತೆ 42 ಡಿಗ್ರಿ ದಾಟುವ ಊರುಗಳಿವು. ಕೆಲವರಿಗೆ ಕಾಲಲ್ಲಿ ಬೂಟು, ಕೆಲವರಿಗೆ ಬರಿಗಾಲು. ಎಲ್ಲರಿಗೂ ಒಂದೇ ಅಳತೆಗೋಲು ಎಂಬ ಮೂಲ ಷರತ್ತು ಮೊದಲ ಸೀಟಿಗೇ ಅಲ್ಲಾಡುತ್ತದೆ.

ಇದಕ್ಕಿಂತ ಆಳವಾದ ಸಂಗತಿ ಇನ್ನೊಂದಿದೆ. 600 ಮೀಟರ್ ಓಟ ಅಳೆಯುವುದು ದಮ್ಮನ್ನು. ದಮ್ಮು ಎಂದರೆ ಪುಪ್ಪುಸಕ್ಕೆ ಬಂದ ಪ್ರಾಣವಾಯುವನ್ನು ರಕ್ತ ಎಷ್ಟು ಬೇಗ ಸ್ನಾಯುಗಳಿಗೆ ಮುಟ್ಟಿಸುತ್ತದೆ ಎಂಬುದು. ಹೊರುವ ಕೆಲಸ ರಕ್ತದಲ್ಲಿನ ಹಿಮೋಗ್ಲೋಬಿನ್ನಿನದು, ಅದಕ್ಕೆ ಬೇಕಾದದ್ದು ಕಬ್ಬಿಣಾಂಶ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆ 2019-20ರಲ್ಲಿ ಕರ್ನಾಟಕದಲ್ಲಿ ನಡೆದಾಗ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂತು. ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದು ಇಡೀ ರಾಜ್ಯದ ಸರಾಸರಿ. ಕಲ್ಯಾಣ ಕರ್ನಾಟಕದ ಸ್ಥಿತಿ ಅದಕ್ಕಿಂತ ಕೆಳಗಿದೆ. 2002ರ ನಂಜುಂಡಪ್ಪ ಸಮಿತಿ ರಾಜ್ಯದ ಅತಿ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿಮಾಡಿದಾಗ ಅವುಗಳಲ್ಲಿ 21 ಗುಲ್ಬರ್ಗ ವಿಭಾಗದಲ್ಲಿದ್ದವು. ಮಕ್ಕಳನ್ನು ಕಟ್ಟಿಕೊಂಡು ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳು ಈ ತಾಲ್ಲೂಕುಗಳಲ್ಲಿ ಇಂದಿಗೂ ಇವೆ.

ಇದನ್ನು ವಿಜ್ಞಾನಿಗಳು ಹತ್ತಿರದಲ್ಲೇ ಕಂಡುಕೊಂಡಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು 1970ರ ದಶಕದಲ್ಲಿ ಆ ಸುತ್ತಿನ ಹಳ್ಳಿ ಹುಡುಗರನ್ನು ಅಭ್ಯಸಿಸಿದರು. ಐದನೆಯ ವಯಸ್ಸಿನಲ್ಲಿ ಯಾರು ಅರೆಹೊಟ್ಟೆಯಲ್ಲಿದ್ದರು, ಯಾರು ಹೊಟ್ಟೆತುಂಬ ಉಂಡಿದ್ದರು ಎಂಬ ದಾಖಲೆ ಅವರ ಬಳಿ ಇತ್ತು. ಅದೇ ಹುಡುಗರು ಹದಿಹರೆಯಕ್ಕೆ ಬಂದಾಗ ಅವರ ದುಡಿಯುವ ಶಕ್ತಿಯನ್ನು ಅಳೆದರು. 1979ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಶಕ್ತಿಯನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ದೇಹದ ತೂಕ, ಆಮೇಲೆ ದಿನನಿತ್ಯದ ಚಟುವಟಿಕೆಯ ರೂಢಿ. ಅಂದರೆ ಹದಿನಾರನೆಯ ವಯಸ್ಸಿನ ಹುಡುಗನನ್ನು ಅಳೆದಾಗ ಅವನ ಐದನೆಯ ವಯಸ್ಸಿನ ತಟ್ಟೆಯನ್ನೂ ಅಳೆದಂತಾಯಿತು.

ಈಗ ಫಿಟ್ ಇಂಡಿಯಾ ಕೋಷ್ಟಕವನ್ನು ನೋಡಿ. ಅದರಲ್ಲಿ ಏಳು ಮಟ್ಟಗಳಿವೆ. ಮೇಲಿನದಕ್ಕೆ ಕ್ರೀಡೆಗೆ ಯೋಗ್ಯ ಎಂಬ ಅರ್ಥದ ಹೆಸರು. ತೀರ ಕೆಳಗಿನದಕ್ಕೆ ಕೊಟ್ಟಿರುವ ಹೆಸರಿನ ಅರ್ಥ: ‘ಇನ್ನೂ ಹೆಚ್ಚು ಶ್ರಮಪಡು’. ಬೆಳಿಗ್ಗೆ ನೀರು ಹೊತ್ತು, ತಮ್ಮನನ್ನು ಎತ್ತಿಕೊಂಡು, ಬರೀ ಚಹಾ ಕುಡಿದು ಬಂದು 600 ಮೀಟರಿನಲ್ಲಿ ಏದುಸಿರು ಬಿಟ್ಟ ಹುಡುಗಿಗೆ ಈ ಮಾತು ಹೇಳುವುದು ಎಷ್ಟು ಸರಿ? ಮೊಬೈಲಿನಲ್ಲಿ ಮುಳುಗಿದ ಪಟ್ಟಣದ ಮಗುವಿಗೆ ಅದು ಒಳ್ಳೆಯ ಬುದ್ಧಿಮಾತೇ ಇರಬಹುದು. ಒಂದೇ ಅಂಕಿಯ ಹಿಂದೆ ಎರಡು ವಿರುದ್ಧ ಕಾರಣಗಳು ಅಡಗಿರಬಹುದು ಎಂಬುದನ್ನು ಕೋಷ್ಟಕ ಬಲ್ಲದೇ? ಹೊಟ್ಟೆ ಮುಂದೆ ಬಂದ ಮಗು, ಹೊಟ್ಟೆ ಬೆನ್ನಿಗೆ ಹತ್ತಿದ ಮಗು ಇಬ್ಬರೂ ಒಂದೇ ವೇಳೆಗೆ ಗೆರೆ ಮುಟ್ಟಿದರೆ ಅದು ಇಬ್ಬರಿಗೂ ಒಂದೇ ಔಷಧ ಬರೆಯುತ್ತದೆ. ಎತ್ತರ-ತೂಕವನ್ನೂ ಬರೆದುಕೊಳ್ಳುತ್ತಾರಲ್ಲ ಎಂದು ಕೇಳಬಹುದು. ನಿಜ. ಆ ಎರಡು ಅಂಕಿಗಳನ್ನು ಮೊದಲು ಓದಿ, ಓಟದ ವೇಳೆಯನ್ನು ಆಮೇಲೆ ಓದುವ ಮಾಸ್ತರ ಇದ್ದರೆ ಅರ್ಧ ಅನ್ಯಾಯ ತಪ್ಪೀತು.

ಹಾಗೆಂದು ಅಳೆಯುವುದೇ ಬೇಡ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಅಳತೆ ಇಲ್ಲದೆ ಈ ಭಾಗಕ್ಕೆ ಅನ್ನವೂ ಬರುತ್ತಿರಲಿಲ್ಲ. ಕರ್ನಾಟಕದಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರ ಜೂನ್ 1ರಂದು ಆರಂಭವಾದಾಗ ಮೊದಲು ಸಿಕ್ಕಿದ್ದು ಏಳು ಜಿಲ್ಲೆಗಳಿಗೆ, ಗುಲ್ಬರ್ಗ ಅವುಗಳಲ್ಲೊಂದು. 2021ರ ಡಿಸೆಂಬರಿನಲ್ಲಿ ಊಟದ ಜೊತೆ ಮೊಟ್ಟೆ ಕೊಡಲು ತೀರ್ಮಾನಿಸಿದಾಗಲೂ, ಅಪೌಷ್ಟಿಕತೆಯ ಅಂಕಿಗಳನ್ನು ನೋಡಿ ಆರಿಸಿದ್ದು ಮತ್ತೆ ಏಳು ಜಿಲ್ಲೆಗಳನ್ನೇ: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ. ಮೊಟ್ಟೆ ಬೇಡವೆಂದು ಗಟ್ಟಿಯಾಗಿ ವಿರೋಧಿಸಿದವರಿದ್ದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಆ ಗದ್ದಲವನ್ನು ತಣ್ಣಗಾಗಿಸಿದ್ದು ಮತ್ತೊಂದು ಅಳತೆ. 2009ರ ಕೊನೆಯವರೆಗೆ ಗುಲ್ಬರ್ಗ ಜಿಲ್ಲೆಯದೇ ಭಾಗವಾಗಿದ್ದ ಯಾದಗಿರಿಯ ಮಕ್ಕಳನ್ನೂ, ಆಗ ಮೊಟ್ಟೆ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ಕೆಲವು ತಿಂಗಳ ಅಂತರದಲ್ಲಿ ತೂಗಿ ನೋಡಿದರು. ಯಾದಗಿರಿಯ ಮಕ್ಕಳ ತೂಕ, ಅದರಲ್ಲೂ ಎಂಟನೆಯ ತರಗತಿಯ ಹುಡುಗಿಯರ ತೂಕ, ಎದ್ದು ಕಾಣುವಷ್ಟು ಹೆಚ್ಚಿತ್ತು. 2022ರ ಜುಲೈನಲ್ಲಿ ಮೊಟ್ಟೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ವಾರಕ್ಕೆ ಆರು ದಿನ ಎಂದಾಯಿತು.

1904ರ ಇಂಗ್ಲೆಂಡಿನಲ್ಲಿ ನಡೆದದ್ದೇ ಇಲ್ಲಿಯೂ ನಡೆಯಿತು. ತಕ್ಕಡಿ ಮಾತನಾಡಿತು, ಸರ್ಕಾರ ಕೇಳಿಸಿಕೊಂಡಿತು. ಆದರೆ ಮಾತನಾಡಿದ್ದು ತಕ್ಕಡಿ, ಸ್ಟಾಪ್‌ವಾಚ್ ಅಲ್ಲ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಮಕ್ಕಳು ಓಡುತ್ತಾರೆ, ದೈಹಿಕ ಶಿಕ್ಷಕರು ವೇಳೆಯನ್ನು ಫೋನಿನಲ್ಲಿ ತುಂಬುತ್ತಾರೆ, ಅದು ದಿಲ್ಲಿಯ ಗಣಕಕ್ಕೆ ಹೋಗುತ್ತದೆ. ಎಷ್ಟು ಮಕ್ಕಳು ಉಂಡರು, ಎಷ್ಟು ಮೊಟ್ಟೆ ಖರ್ಚಾಯಿತು ಎಂಬ ಅಕ್ಷರ ದಾಸೋಹದ ರಿಜಿಸ್ಟರು ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನಲ್ಲಿರುತ್ತದೆ. ಎರಡೂ ಒಂದೇ ಮಕ್ಕಳ ಲೆಕ್ಕ. ಊಟ ಬಂದ ಮೇಲೆ ಓಟ ಎಷ್ಟು ಸೆಕೆಂಡು ಸುಧಾರಿಸಿತು ಎಂದು ತಿಳಿಯಲು ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಅದಕ್ಕೆ ಬೇಕಾದ ಅಂಕಣ ಮಾತ್ರ ಆ ಫೋನಿನಲ್ಲೂ ಇಲ್ಲ, ಈ ರಿಜಿಸ್ಟರಿನಲ್ಲೂ ಇಲ್ಲ.